ಲೈಡನ್ ನಗರದ ವಿಮೋಚನೋತ್ಸವ

ಹಬ್ಬವೆಂದರೆ ಮೃಷ್ಟಾನ್ನವೆಂದೇ ನಮ್ಮ ಮಕ್ಕಳು ತಿಳಿದಿರುವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಉಪ್ಪಿನಲ್ಲಿಟ್ಟ ಮೀನು, ಬರಿಯ ಬಿಳಿಯ ರೊಟ್ಟಿ, ಬೇಯಿಸಿ ಮಸೆದ ಗೆಡ್ಡೆಗಳು, ಇವನ್ನೇ ಪ್ರಸಾದದಂತೆ ಸ್ವೀಕರಿಸುವ ಹಬ್ಬವೊಂದು ಡಚ್ಚರ ದೇಶವಾದ ನೆದರ್ಲೆಂಡ್ಸಿನ ಲೈಡನ್ ಪಟ್ಟಣದಲ್ಲಿ ಪ್ರತಿವರ್ಷವೂ ಶರತ್ಕಾಲದಲ್ಲಿ, ಅಕ್ಟೋಬರ್ ೩ರಂದು, ನಡೆಯುತ್ತದೆ. ಅದರ ವೃತ್ತಾಂತವು ಮನೆಮಂದಿಯೆಲ್ಲರೂ ಕೂಡಿ ಕೇಳತಕ್ಕುದಾಗಿರುವುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಆ ಕಾಲದಲ್ಲಿ ಡಚ್ಚರ ನಾಡು ಸ್ಪೇನ್ ದೇಶದ ದೊರೆಯಾದ ಎರಡನೆಯ ಫಿಲಿಪನ ಆಳ್ವಿಕೆಗೆ ಒಳಪಟ್ಟಿದ್ದಿತು. ಆರೆಂಜಿನ ವಿಲಿಯಂ ಎಂಬ ರಾಜಪುತ್ರನ ಮುಂದಾಳುತನದಲ್ಲಿ ಜನರು ದಂಗೆಯೆದ್ದರು. ೧೫೭೪ರ ಮೇ ತಿಂಗಳಲ್ಲಿ ವಾಲ್ಡೆಜ್ ಎಂಬ ಸ್ಪೇನಿನ ಸೇನಾನಿಯು ಲೈಡನ್ನಿಗೆ ಎರಡನೆಯ ಬಾರಿ ಮುತ್ತಿಗೆ ಹಾಕಿದನು. ಅವನು ಕೋಟೆಯನ್ನು ಒಡೆಯುವ ಗೋಜಿಗೆ ಹೋಗಲಿಲ್ಲ. ಹಸಿವೆಯೇ ಬಾಗಿಲು ತೆರೆಯಿಸುವುದೆಂದು ಕಾದು ಕುಳಿತನು. ಒಳಗೆ ಧಾನ್ಯವು ತೀರಿತು. ಜನರು ಕುದುರೆ, ನಾಯಿ, ಇಲಿಗಳನ್ನೂ ತಿಂದರು. ಕ್ಷಾಮದ ಬೆನ್ನಿಗೆ ಮಹಾಮಾರಿಯೂ ಬಂದು ಸಾವಿರಾರು ಮಂದಿಯನ್ನು ಬಲಿತೆಗೆದುಕೊಂಡಿತು. ಊರನ್ನು ಒಪ್ಪಿಸಿಬಿಡೆಂದು ಮೊರೆಯಿಟ್ಟವರಿಗೆ ನಗರಾಧ್ಯಕ್ಷನಾದ ವಾನ್ ಡೆರ್ ವೆರ್ಫನು, ಬೇಕಾದರೆ ತನ್ನ ದೇಹವನ್ನೇ ಹಂಚಿಕೊಂಡು ತಿನ್ನಿರೆಂದು ಹೇಳಿದನೆಂಬ ಐತಿಹ್ಯವಿದೆ.

ನೆಲದ ಮೇಲೆ ಸಹಾಯವು ಬರುವ ದಾರಿಯಿರಲಿಲ್ಲ. ಆಗ ವಿಲಿಯಮನು ಒಂದು ಘೋರವಾದ ನಿರ್ಧಾರವನ್ನು ಕೈಕೊಂಡನು. ತಲೆತಲಾಂತರದಿಂದ ನೀರನ್ನು ತಡೆದು ನಿಲ್ಲಿಸಿದ್ದ ಒಡ್ಡುಗಳನ್ನು ಆಗಸ್ಟ್ ತಿಂಗಳಲ್ಲಿ ಕಡಿಸಿದನು. ಹೊಲಗದ್ದೆಗಳು ಮುಳುಗಿದುವು. ಬೊಯ್ಸೋ ಎಂಬ ನೌಕಾಧಿಪತಿಯು ಚಪ್ಪಟೆ ತಳದ ಹಡಗುಗಳಲ್ಲಿ ಆಹಾರವನ್ನು ತುಂಬಿ ಹೊರಟನು. ಆದರೆ ನೀರು ಸಾಕಷ್ಟು ಏರಲಿಲ್ಲ, ಗಾಳಿಯು ಪ್ರತಿಕೂಲವಾಗಿದ್ದಿತು. ಅಕ್ಟೋಬರಿನ ಆರಂಭದಲ್ಲಿ ವಾಯವ್ಯದ ಬಿರುಗಾಳಿಯೆದ್ದು ಸಮುದ್ರದ ನೀರನ್ನು ಒಳನಾಡಿಗೆ ನುಗ್ಗಿಸಿತು. ೨ನೆಯ ತಾರೀಖಿನ ರಾತ್ರಿ ಸ್ಪೇನಿನವರು ಪಲಾಯನ ಮಾಡಿದರು. ಮರುದಿನ ಬೆಳಿಗ್ಗೆ ಹಡಗುಗಳು ಊರನ್ನು ಹೊಕ್ಕು, ಹಸಿದವರಿಗೆ ಹೆರಿಂಗ್ ಎಂಬ ಮೀನನ್ನೂ ಬಿಳಿಯ ರೊಟ್ಟಿಯನ್ನೂ ಹಂಚಿದುವು.

ಶತ್ರುಗಳು ಬಿಟ್ಟೋಡಿದ ಪಾಳೆಯದಲ್ಲಿ ಕೊರ್ನೆಲಿಸ್ ಎಂಬ ಅನಾಥ ಬಾಲಕನಿಗೆ ಗೆಡ್ಡೆ ಮಾಂಸಗಳು ಬೆಂದಿದ್ದ ಪಾತ್ರೆಯೊಂದು ಸಿಕ್ಕಿತೆಂದು ಹೇಳುವರು. ಆ ಅಡಿಗೆಯೇ 'ಹುಟ್ಸ್‌ಪಾಟ್'. ಆಲೂಗಡ್ಡೆಯು ಆ ಕಾಲದ ಡಚ್ಚರ ಅಡಿಗೆಮನೆಗೆ ಬಂದಿರಲಿಲ್ಲ. ಈಗಲಾದರೋ ಆಲೂಗಡ್ಡೆ, ಗಜ್ಜರಿ, ಈರುಳ್ಳಿಗಳನ್ನು ಬೇಯಿಸಿ ಮಸೆದು, ಗೋಮಾಂಸದೊಡನೆ ಬಡಿಸುವರು. ಆ ಪಾತ್ರೆಯೆಂದು ಹೇಳಲಾಗುವುದನ್ನು ಊರಿನ ಲಾಕೆನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವರು.

ಉತ್ಸವದ ದಿನ ಬೆಳಿಗ್ಗೆ ೭ ಗಂಟೆಗೆ ನಗರಸಭಾಭವನದ ಮುಂದೆ ವಾದ್ಯಘೋಷದಿಂದ ಊರನ್ನು ಎಬ್ಬಿಸುವರು. ಹಳೆಯ ತೂಕದ ಮನೆಯಲ್ಲಿ ಪುರಜನರಿಗೆ ಮೀನು ರೊಟ್ಟಿಗಳ ವಿತರಣೆಯಾಗುವುದು. ಇಗರ್ಜಿಯಲ್ಲಿ ಕೃತಜ್ಞತಾಪ್ರಾರ್ಥನೆ, ಬೀದಿಯಲ್ಲಿ ಮೆರವಣಿಗೆ, ಜಾತ್ರೆ ಇವೆಲ್ಲವೂ ಇರುವುವು. ೧೮೮೬ರಲ್ಲಿ ಸ್ಥಾಪಿತವಾದ ಸಂಘವೊಂದು ಇದರ ಭಾರವನ್ನು ಹೊತ್ತಿದೆ. ಅಕ್ಟೋಬರ್ ೩ ಭಾನುವಾರವಾದರೆ ಉತ್ಸವವು ಮರುದಿನ ಜರುಗುವುದು.

ಊರವರ ಸ್ಥೈರ್ಯಕ್ಕೆ ಮೆಚ್ಚಿ ವಿಲಿಯಮನು ೧೫೭೫ರಲ್ಲಿ ಅಲ್ಲೊಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದನು. ತೆರಿಗೆಯ ವಿನಾಯಿತಿ ಬೇಕೋ ವಿದ್ಯಾಪೀಠ ಬೇಕೋ ಎಂದು ಕೇಳಿದಾಗ ಜನರು ವಿದ್ಯೆಯನ್ನೇ ಬೇಡಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಈ ವಿದ್ಯಾಪೀಠಕ್ಕೆ ಗೀರ್ವಾಣಭಾಷಾಭಿಮಾನಿಗಳು ಋಣಿಗಳಾಗಿರಬೇಕು. ಕಾಶಿಯಲ್ಲಿ ಅಧ್ಯಾಪಕರಾಗಿದ್ದ ಹೆಂಡ್ರಿಕ್ ಕೆರ್ನ್ ಪಂಡಿತರು ೧೮೬೫ರಲ್ಲಿ ಇಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಅವರು ಸಂಶೋಧಿಸಿದ ಆರ್ಯಭಟೀಯವು ೧೮೭೪ರಲ್ಲಿ, ಎಂದರೆ ಆ ಮುತ್ತಿಗೆಯ ಮುನ್ನೂರನೆಯ ವರ್ಷದಲ್ಲಿ, ಇದೇ ಊರಿನಲ್ಲಿ ಅಚ್ಚಾಯಿತು.

ವಿಜಯೋತ್ಸವಗಳಲ್ಲಿ ಶತ್ರುವಿನ ಪ್ರತಿಮೆಯನ್ನು ಸುಡುವವರುಂಟು. ಇವರು ಶತ್ರುವಿನ ಅಡಿಗೆಯನ್ನೇ ಉಂಡು ತೃಪ್ತರಾಗುವರು. ಆದರೆ ಈ ಊಟದಲ್ಲಿ ಮರೆಯಬಾರದವರು ಇನ್ನೊಬ್ಬರುಂಟು. ಪಟ್ಟಣವು ಉಳಿಯಲೆಂದು ಮುಳುಗಿದ ಹೊಲಗಳು ಹೊರಗಿನ ರೈತರವು. ಕೋಟೆಯೊಳಗಿನವರ ಹೆಸರುಗಳು ಚರಿತ್ರೆಯಲ್ಲಿ ಉಳಿದುವು, ಅವರ ಹೆಸರುಗಳನ್ನು ಬಲ್ಲವರು ವಿರಳ. ಒಬ್ಬರ ತಟ್ಟೆಗೆ ಅನ್ನವು ಬೀಳುವುದಕ್ಕೆ ಮತ್ತೊಬ್ಬರ ಬೆಳೆಯು ಹೋಗಬೇಕಾಯಿತು. ಹಬ್ಬದ ದಿನ ಎಲೆಯಲ್ಲಿ ಅನ್ನವನ್ನು ಬಿಟ್ಟೇಳುವ ಮಕ್ಕಳಿಗೆ ಹಿರಿಯರು ಈ ಕಥೆಯನ್ನು ಒಮ್ಮೆ ಹೇಳಿದರೆ ಸಾಕು. ಬೇರೆ ಉಪದೇಶವು ಬೇಕಾಗಲಾರದು.