ಎಣಿಕೆಯಲ್ಲಿ ಹೆಚ್ಚಿದ ಕುರಿ, ಲೆಕ್ಕಕ್ಕೆ ಸಿಗದ ತಳಿ

ವಿಜಯಪುರದ ಜಲನಗರದಲ್ಲಿ ನೆಲೆಸಿರುವ ನಾನು ನಿವೃತ್ತಿಯ ನಂತರ ಆಗಾಗ ಟಿಕೋಟಾ, ಬಬಲೇಶ್ವರದ ಕಡೆ ಹೋಗಿಬರುತ್ತೇನೆ. ಜೋಳದ ರಾಶಿ ಮುಗಿದ ಎರೆಹೊಲಗಳಲ್ಲಿ ಕರಿಕುರಿಗಳ ಹಿಂಡು ಬೀಡುಬಿಟ್ಟಿರುವುದು ಹಿಂದೆ ಇಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ಈಗ ಅಂತಹ ಎಷ್ಟೋ ಹೊಲಗಳಲ್ಲಿ ದ್ರಾಕ್ಷಿಯ ಚಪ್ಪರವಿದೆ, ಸುತ್ತ ತಂತಿಬೇಲಿಯಿದೆ. ಬರದ ನಾಡಿಗೆ ನೀರು ಬಂದುದು ವರವೇ ಸರಿ. ಆದರೆ ಆ ಹಿಂಡುಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ.

ಅಂಕಿ ಅಂಶಗಳನ್ನು ಮಾತ್ರ ನೋಡಿದರೆ ಚಿಂತೆಗೆ ಕಾರಣವಿಲ್ಲ. 2012ರ ಜಾನುವಾರು ಗಣತಿಯಲ್ಲಿ ಸುಮಾರು 96 ಲಕ್ಷವಿದ್ದ ರಾಜ್ಯದ ಕುರಿಗಳ ಸಂಖ್ಯೆ 2019ರಲ್ಲಿ 1.11 ಕೋಟಿಗೆ ಏರಿತು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು. ಆದರೆ ದೇಶದ ಉಣ್ಣೆ ಉತ್ಪಾದನೆ 2014-15ರಲ್ಲಿ ಸುಮಾರು 4.8 ಕೋಟಿ ಕಿಲೋ ಇದ್ದದ್ದು 2022-23ರಲ್ಲಿ 3.4 ಕೋಟಿ ಕಿಲೋಗೆ ಇಳಿದಿದೆ. ಕುರಿ ಎಂದರೆ ಮಾಂಸ ಮಾತ್ರ ಎಂಬ ತೀರ್ಮಾನಕ್ಕೆ ಮಾರುಕಟ್ಟೆ ಬಂದಿದೆ ಎಂಬುದು ಇದರ ಸೂಚನೆ.

ನಮ್ಮ ಭಾಗದ ದಖ್ಖನಿ ತಳಿ ಹಾಗಿರಲಿಲ್ಲ. ಅದು ದಿನವಿಡೀ ನಡೆಯಬಲ್ಲದು, ಒಣ ಕೂಳೆಯನ್ನು ಮೇಯ್ದು ಬದುಕಬಲ್ಲದು. ಅದರ ಒರಟು ಉಣ್ಣೆಯಿಂದ ನೇಯ್ದ ಕಂಬಳಿ ಮಳೆಗೂ ಚಳಿಗೂ ಆಸರೆ. ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡ ರೈತನಿಗೆ ಗೊಬ್ಬರ ಸಿಗುತ್ತಿತ್ತು, ಪ್ರತಿಯಾಗಿ ಕುರುಬನಿಗೆ ಕಾಳುಕಡಿ ಸಲ್ಲುತ್ತಿತ್ತು. ಹಣದ ಕೈಬದಲು ಅಷ್ಟಾಗಿ ಇಲ್ಲದ ಈ ವಿನಿಮಯವನ್ನು ಅರ್ಥಶಾಸ್ತ್ರದ ಪಠ್ಯಗಳು ಗಮನಿಸಿದ್ದು ಕಡಿಮೆ.

ಒಳ್ಳೆಯ ಕುರಿ ಯಾವುದೆಂಬುದನ್ನು ಬಹುಕಾಲದಿಂದ ಹೊರಗಿನ ಬೇಡಿಕೆಯೇ ನಿರ್ಧರಿಸುತ್ತಾ ಬಂದಿದೆ. ಬ್ರಿಟಿಷರ ಕಾಲದಲ್ಲಿ ನಯವಾದ ಉಣ್ಣೆಯ ಆಸೆಯಿಂದ ಮೆರಿನೋ ಟಗರುಗಳು ಬಂದವು. ಮೈಸೂರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆ ಪ್ರಯೋಗಕ್ಕೆ ಮುಂದಾಗಿದ್ದರು. ಸ್ವಾತಂತ್ರ್ಯಾನಂತರ ರಾಂಬುಯೆ ತಳಿಯೊಂದಿಗೆ ಸಂಕರ ನಡೆಯಿತು. ಸಾಕಣೆ ಕೇಂದ್ರದಲ್ಲಿ ತೃಪ್ತಿ ನೀಡಿದ ಈ ಮಿಶ್ರತಳಿಗಳು ಅಲೆಮಾರಿ ಹಿಂಡುಗಳಲ್ಲಿ ಬೇರೂರಲಿಲ್ಲ. ಈಗ ಮಾಂಸದ ಸರದಿ. ನೆರೆಯ ಜತ್ತ ತಾಲ್ಲೂಕಿನ ದೊಡ್ಡ ಮೈಯ, ಬಾಗಿದ ಮೂಗಿನ ಮಾಡಗ್ಯಾಳ ಟಗರಿಗೆ ಭಾರಿ ಬೆಲೆ. ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದಿರುವಾಗ ಕುರಿಗಾರ ತೂಕದ ಕಡೆ ವಾಲಿದರೆ ಅವನನ್ನು ದೂರುವಂತಿಲ್ಲ.

ಆದರೆ ಇಂದಿನ ಬೆಲೆಯೊಂದೇ ತಳಿಯ ಮೌಲ್ಯವನ್ನು ಹೇಳಲಾರದು. ಬಂಗಾಳದ ಗಾರೋಲ್ ಎಂಬ ಪುಟ್ಟ ಕುರಿಯನ್ನೇ ನೋಡಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಆಸ್ಟ್ರೇಲಿಯಕ್ಕೆ ಹಡಗಿನಲ್ಲಿ ಹೋದ ಕುರಿಗಳಿಂದಲೇ ಅಲ್ಲಿನ ಬೂರೂಲಾ ಮೆರಿನೋಗೆ ಅವಳಿ ಮರಿ ಹಾಕುವ ಗುಣ ಬಂತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಎರಡರಲ್ಲಿಯೂ ಅದೇ ವಂಶವಾಹಿ ಇರುವುದು 2002ರ ವೇಳೆಗೆ ದೃಢಪಟ್ಟಿತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಗಾರೋಲ್‌ನ ಈ ಗುಣವನ್ನು ದಖ್ಖನಿ ಕುರಿಗೆ ತಂದಿದೆ. ತೂಕವನ್ನಷ್ಟೇ ನೋಡಿ ಗಾರೋಲನ್ನು ಕೈಬಿಟ್ಟಿದ್ದರೆ ಇದು ಸಾಧ್ಯವಿತ್ತೇ?

ಆದ್ದರಿಂದ ಆಗಬೇಕಾದುದು ಇಷ್ಟು: ಕುರಿಗಾರರ ಹಿಂಡುಗಳಲ್ಲೇ ಉತ್ತಮ ದಖ್ಖನಿ ಟಗರುಗಳನ್ನು ಆಯ್ದು ಉಳಿಸಬೇಕು, ವಲಸೆಯ ದಾರಿ ಮತ್ತು ಗಾಯರಾಣಗಳನ್ನು ಗ್ರಾಮ ಪಂಚಾಯಿತಿಗಳು ದಾಖಲಿಸಿ ಕಾಯಬೇಕು, ಒರಟು ಉಣ್ಣೆಗೆ ಖಾತರಿ ಖರೀದಿ ಇರಬೇಕು. ಸರ್ಕಾರಿ ಸೇವೆಯಲ್ಲಿದ್ದಾಗ ನಾನೂ ತಲೆ ಎಣಿಕೆಯ ವರದಿಗಳಿಗೆ ರುಜು ಹಾಕಿದವನೇ; ತಳಿಯ ಬಗ್ಗೆ ಕೇಳಲಿಲ್ಲ. ಕಾಲುವೆಯ ನೀರು ನಿಂತ ವರ್ಷವೂ ನಡೆದು ಬದುಕಬಲ್ಲ ಕುರಿ ನಮ್ಮಲ್ಲಿರಬೇಕಾದರೆ ಆ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ.