ಮೊದಲು ಬೇರಿಂಗು, ಮೋಟಾರು ಕಟ್ಟಕಡೆಗೆ

ರಿಮೋಟ್ ಟ್ರಕ್ಕು ಹಳೆಯದಾಯಿತು ಅಂದರೆ ಹುಡುಗರ ಕೈ ಮೊದಲು ಹೋಗುವುದು ಮೋಟಾರಿಗೆ. ಇನ್ನಷ್ಟು ಜೋರಾಗಿ ಓಡಬೇಕು, ಅದಕ್ಕೆ ಇನ್ನೂ ದೊಡ್ಡ ಮೋಟಾರು ಬೇಕು ಅನ್ನುತ್ತಾರೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟರ್ನರ್ ಆಗಿ ದುಡಿದು ಮನೆ ಸೇರಿದ ನನ್ನ ಲೆಕ್ಕ ಉಲ್ಟಾ. ಚಕ್ರದಿಂದ ಶುರುಮಾಡಿ ಒಳಗೆ ಬರಬೇಕು, ಮೋಟಾರನ್ನು ಕಟ್ಟಕಡೆಗೆ ಮುಟ್ಟಬೇಕು. ಬಸವೇಶ್ವರನಗರದ ನನ್ನ ಮನೆಗೆ ಹಳೇ ಟ್ರಕ್ಕು ಹಿಡಿದು ಬರುವವರಿಗೆಲ್ಲ ಇದನ್ನೇ ಹೇಳುತ್ತೇನೆ.

ಈಗ ಬೆಂಚಿನ ಮೇಲಿರುವುದು ಟಾಮಿಯಾ ಬ್ಲ್ಯಾಕ್‌ಫುಟ್. ಜಪಾನಿನ ಟಾಮಿಯಾ ಕಂಪನಿ 1986ರಲ್ಲಿ ಹೊರತಂದ ಮಾದರಿ ಇದು. ನಿಜವಾದ ಗಾಡಿಯ ಹತ್ತನೇ ಒಂದರಷ್ಟು ಗಾತ್ರ, ಫೋರ್ಡ್ ಎಫ್-150 ಪಿಕಪ್ಪಿನ ಬಾಡಿ, ಅದಕ್ಕೆ ಮೀರಿದ ದಪ್ಪ ಟೈರು, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ. ವಿಜಯನಗರದ ಪರಿಚಯದವರೊಬ್ಬರ ಅಣ್ಣ ದುಬೈನಿಂದ ತಂದದ್ದಂತೆ. ಬಹಳ ವರ್ಷ ಅಟ್ಟದ ಮೇಲೆ ಬಿದ್ದಿತ್ತು.

ಇಂಥ ಗಾಡಿ ಕೈಗೆ ಬಂದರೆ ನಾನು ಮೊದಲು ಚಕ್ರವನ್ನು ನೆಲದಿಂದ ಎತ್ತಿ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಮುಂದಿನ ಚಕ್ರ ಒಂದು ಸುತ್ತೂ ಪೂರ್ತಿ ಬರದೆ ನಿಂತರೆ ಒಳಗಿನ ಬುಷ್ ಮುಗಿದಿದೆ ಎಂದೇ ಅರ್ಥ. ಆ ಕಾಲದ ಕಿಟ್ಟುಗಳಲ್ಲಿ ಬೇರಿಂಗಿನ ಜಾಗದಲ್ಲಿ ಬುಷ್ ಹಾಕಿ ಕೊಡುತ್ತಿದ್ದರು. ಕೆಂಗೇರಿ ಆಚೆಯ ಹೊಸ ಬಡಾವಣೆಗಳ ಖಾಲಿ ಸೈಟಿನಲ್ಲಿ ಓಡಿಸಿ ನೋಡಿ, ಅಲ್ಲಿಯ ಕೆಂಪು ಧೂಳು ಬುಷ್ಷಿನ ಗ್ರೀಸಿಗೆ ಸೇರಿ ಅರೆಯುವ ಮಸಾಲೆಯೇ ಆಗಿಬಿಡುತ್ತದೆ. ತೂತು ಅಗಲವಾಗುತ್ತದೆ, ಷಾಫ್ಟು ಅಲ್ಲಾಡುತ್ತದೆ, ಗೇರುಗಳ ಹಲ್ಲು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಬುಷ್ ಕಿತ್ತು ಬೇರಿಂಗು ಹಾಕಬೇಕು. ಬ್ಲ್ಯಾಕ್‌ಫುಟ್ಟಿಗೆ ಬೇಕಾದ ಬೇರಿಂಗು ಮುಖ್ಯವಾಗಿ ಒಂದೇ ಅಳತೆಯದು: ಒಳವ್ಯಾಸ 5 ಮಿ.ಮೀ., ಹೊರವ್ಯಾಸ 11, ದಪ್ಪ 4. ಬೇರಿಂಗ್ ಅಂಗಡಿಯಲ್ಲಿ ಎಂಆರ್115 ಎಂದು ಕೇಳಿ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ತೆಗೆದುಕೊಳ್ಳಿ, ಬರೀ ತಗಡಿನ ಮುಚ್ಚಳದ್ದು ನಮ್ಮ ಧೂಳಿಗೆ ತಾಳುವುದಿಲ್ಲ. ಇಷ್ಟು ಮಾಡಿದರೆ ಅದೇ ಮೋಟಾರು, ಅದೇ ಬ್ಯಾಟರಿಯಲ್ಲಿ ಗಾಡಿ ಇನ್ನೂ ದೂರ ಓಡುತ್ತದೆ.

ಆಮೇಲೆ ವೇಗ ನಿಯಂತ್ರಣ. ಹಳೇ ಗಾಡಿಯಲ್ಲಿ ಇದಕ್ಕೇ ಒಂದು ಸರ್ವೋ ಇರುತ್ತದೆ. ಅದು ಒಂದು ಕಡ್ಡಿಯನ್ನು ತಾಮ್ರದ ಪಟ್ಟಿಗಳ ಮೇಲೆ ಎಳೆಯುತ್ತದೆ. ನಿಧಾನಕ್ಕೆ ಓಡಿಸುವಾಗ ಕರೆಂಟು ರೆಸಿಸ್ಟರಿನ ಮೂಲಕ ಹೋಗುತ್ತದೆ. ಮೋಟಾರಿಗೆ ಬೇಡವಾದ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಹಾಳಾಗುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿದು ಅದೇ ಕೆಲಸ ಮಾಡುತ್ತದೆ, ವ್ಯರ್ಥವಾಗುವುದು ತೀರ ಕಡಿಮೆ. ಒಂದು ಸರ್ವೋದ ಜಾಗವೂ ಉಳಿಯಿತು. ಕೊಳ್ಳುವಾಗ ಬ್ರಷ್ ಮೋಟಾರಿಗೆ ಆಗುವಂಥದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಈ ಮಾದರಿಯ ನಿಜವಾದ ಕಾಯಿಲೆ ಮಾತ್ರ ಹಿಂದಿನ ಡ್ರೈವ್ ಷಾಫ್ಟಿನಲ್ಲಿದೆ. ಷಾಫ್ಟಿನ ತುದಿಯಲ್ಲಿ ಆರು ಮೂಲೆಯ ಗುಂಡು, ಅದು ಆರು ಮೂಲೆಯ ಬಟ್ಟಲಿನೊಳಗೆ ಕೂರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಮೂಲೆಗಳು ಸವೆದು ದುಂಡಗಾಗುತ್ತವೆ. ಒಂದು ದಿನ ಮೋಟಾರು ಕಿರುಚುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಟಾಮಿಯಾ 2016ರಲ್ಲಿ ಇದೇ ಟ್ರಕ್ಕನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಾಗ ಆರು ಮೂಲೆಯ ಏರ್ಪಾಡನ್ನು ಕೈಬಿಟ್ಟು, ತುದಿಯಲ್ಲಿ ಅಡ್ಡ ಪಿನ್ನಿರುವ ಡಾಗ್‌ಬೋನ್ ಷಾಫ್ಟು ಕೊಟ್ಟಿತು. ಆ ಷಾಫ್ಟನ್ನು ಹೊರದೇಶದಿಂದ ತರಿಸುವ ದಾರಿ ಇದೆ. ಆದರೆ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವಲ್ಲ. ಇಎನ್24 ಉಕ್ಕಿನ ಕಡ್ಡಿ, ತುದಿಯಲ್ಲಿ ಅಡ್ಡ ತೂತು, ಅದಕ್ಕೆ ಗಟ್ಟಿ ಪಿನ್ನು, ಎದುರಿಗೆ ಸೀಳು ಕೊರೆದ ಬಟ್ಟಲು. ಹಳೇ ಭಾಗವನ್ನು ವರ್ನಿಯರಿನಲ್ಲಿ ಅಳೆದು, ಕಾಗದದ ಮೇಲೆ ನಕ್ಷೆ ಬರೆದುಕೊಂಡು ಹೋಗಿ. ಬಾಯಲ್ಲಿ ವಿವರಿಸಿದರೆ ಅರ್ಧ ಮಿಲಿಮೀಟರು ಆಚೀಚೆ ಆಗುತ್ತದೆ, ಇಂಥ ಕೆಲಸದಲ್ಲಿ ಅರ್ಧ ಮಿಲಿಮೀಟರು ಬಹಳ ದೊಡ್ಡದು.

ಲೇತ್ ಇದೆಯಲ್ಲ ಎಂದು ಎಲ್ಲವನ್ನೂ ಲೋಹದಲ್ಲಿ ಮಾಡಿಸಲು ಹೊರಡಬೇಡಿ. ಸಸ್ಪೆನ್ಷನ್ನಿನ ತೋಳು ನೈಲಾನಿನದೇ ಇರಲಿ. ಕಲ್ಲಿಗೆ ಬಡಿದರೆ ನೈಲಾನು ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಅಲ್ಯೂಮಿನಿಯಂ ಬಾಗಿದರೆ ಹಾಗೇ ಉಳಿಯುತ್ತದೆ, ಬಾಗದಿದ್ದರೆ ಪೆಟ್ಟು ಚಾಸಿಗೆ ಹೋಗುತ್ತದೆ. ಎಲ್ಲೋ ಒಂದು ಅಗ್ಗದ ಭಾಗ ಮುರಿಯಲು ಸಿದ್ಧವಿದ್ದರೇನೇ ದುಬಾರಿ ಭಾಗ ಉಳಿಯುವುದು. ಸ್ಟೀರಿಂಗಿಗೆ ಲೋಹದ ಗೇರಿನ ಸರ್ವೋ ಹಾಕುವವರೂ ಸರ್ವೋ ಸೇವರನ್ನು ತೆಗೆಯಬಾರದು. ಚಕ್ರಕ್ಕೆ ಬಿದ್ದ ಏಟನ್ನು ಗೇರಿಗೆ ಮುಟ್ಟದಂತೆ ತಡೆಯುವುದು ಅದೇ.

ರೇಡಿಯೊ ಬದಲಿಸುವುದಕ್ಕೆ ಎರಡು ಮಾತಿಲ್ಲ. ಹಳೆಯದು 27 ಮೆಗಾಹರ್ಟ್ಸಿನದು, ಒಂದೇ ಕ್ರಿಸ್ಟಲ್ಲಿನ ಎರಡು ಗಾಡಿ ಮೈದಾನಕ್ಕೆ ಬಂದರೆ ಎರಡೂ ಹುಚ್ಚಾಗುತ್ತವೆ. 2.4 ಗಿಗಾಹರ್ಟ್ಸಿನ ಸೆಟ್ಟಿನಲ್ಲಿ ಆ ತಾಪತ್ರಯವಿಲ್ಲ. ಬ್ಯಾಟರಿ ವಿಚಾರದಲ್ಲಿ ಎಚ್ಚರ. ಆರು ಸೆಲ್ಲಿನ 7.2 ವೋಲ್ಟಿನ ನಿಕ್ಕೆಲ್ ಪ್ಯಾಕಿನ ಬದಲು ಎರಡು ಸೆಲ್ಲಿನ ಲಿಪೊ ಹಾಕುವುದಾದರೆ, ಕಂಟ್ರೋಲರಿನಲ್ಲಿ ಕಡಿಮೆ ವೋಲ್ಟೇಜಿಗೆ ತಾನೇ ನಿಲ್ಲುವ ವ್ಯವಸ್ಥೆ ಇರಲೇಬೇಕು. ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದರೆ ಕೆಟ್ಟಿತು, ಆಮೇಲೆ ಅದನ್ನು ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ.

ಕೊನೆಗೆ ಮೋಟಾರು. 3300 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತಿನ, ಬ್ರಷ್‌ಲೆಸ್ ಮೋಟಾರನ್ನು ಪೂರ್ತಿ ಚಾರ್ಜಾದ 8.4 ವೋಲ್ಟಿಗೆ ಜೋಡಿಸಿದರೆ, ಭಾರವಿಲ್ಲದಾಗ ನಿಮಿಷಕ್ಕೆ 27,720 ಸುತ್ತು. 1986ರ ಗೇರ್‌ಬಾಕ್ಸನ್ನು ಅಷ್ಟಕ್ಕೆ ಮಾಡಿದ್ದಲ್ಲ. ಬ್ಲ್ಯಾಕ್‌ಫುಟ್ಟಿಗೆ ಅದರ ಹಳೇ 540 ಮೋಟಾರೇ ಸಾಕು, ಬ್ರಷ್ ಸವೆದಿದ್ದರೆ ಅದೇ ಜಾತಿಯ ಹೊಸದು ಹಾಕಿ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಇದ್ದರೆ ಗುಜರಿಗೆ ಹಾಕಬೇಡಿ. ಇವತ್ತೇ ಕೆಳಗಿಳಿಸಿ, ರಿಮೋಟಿನಲ್ಲಿರುವ ಹಳೇ ಸೆಲ್ಲುಗಳನ್ನು ತೆಗೆದುಬಿಡಿ. ಅವು ಸೋರಿದರೆ ತಗಡಿನ ಕಾಂಟ್ಯಾಕ್ಟನ್ನೆಲ್ಲ ತಿಂದುಹಾಕುತ್ತವೆ.