ಚಿಲ್ಲರೆ ವಿಷಯ ಅಲ್ಲ ಸ್ವಾಮಿ!

ಅಂಗಡಿಯವರು ಎರಡು ರೂಪಾಯಿ ಚಿಲ್ಲರೆ ಬದಲು ಕೈಗೆ ಚಾಕಲೇಟ್ ಇಟ್ಟರೆ ಸಿಟ್ಟು ಬರುತ್ತೆ, ಅಲ್ವಾ? ಯಾಕಂದ್ರೆ ನಾಳೆ ಅದೇ ಚಾಕಲೇಟ್ ಕೊಟ್ಟರೆ ಅವರೇ ದುಡ್ಡು ಅಂತ ತಗೊಳ್ಳಲ್ಲ. ಈ ವಾಪಸ್ ತಗೊಳ್ಳೋದರಲ್ಲೇ ದುಡ್ಡಿನ ಗುಟ್ಟಿದೆ. ಅದು ಚೆನ್ನಾಗಿ ಅರ್ಥ ಆಗೋದು 18ನೇ ಶತಮಾನದ ಕೊನೆಯ ಬ್ರಿಟನ್ನಿನ ಕಥೆಯಿಂದ.

ಕೈಗಾರಿಕಾ ಕ್ರಾಂತಿಯ ಕಾಲ. ಗಣಿ, ಗಿರಣಿ ಕೆಲಸಗಾರರಿಗೆ ಕೂಲಿ ಕೊಡಬೇಕು. ಕೊಡೋಕೆ ಚಿಲ್ಲರೆಯೇ ಇಲ್ಲ! ಬೆಳ್ಳಿ ನಾಣ್ಯ ಅಪರೂಪ. ಸರ್ಕಾರಿ ಟಂಕಸಾಲೆ 1775ರಲ್ಲಿ ತಾಮ್ರದ ನಾಣ್ಯ ಹಾಕೋದನ್ನೇ ನಿಲ್ಲಿಸಿತ್ತು. ಪೇಟೆ ತುಂಬ ಖೋಟಾ ಕಾಸು. ಕೆಲವು ಮಾಲೀಕರು ಹಲವರ ಕೂಲಿ ಸೇರಿಸಿ ಒಂದೇ ದೊಡ್ಡ ನಾಣ್ಯ ಕೊಡುತ್ತಿದ್ದರು. ಅದನ್ನ ಮುರಿಸೋಕೆ ಹೆಂಡದಂಗಡಿಗೆ ಹೋಗಬೇಕು. ಕುಡಿಯದೆ ಅಲ್ಲಿ ಚಿಲ್ಲರೆ ಕೊಡ್ತಾರಾ? ಮನೆಯ ಹಿಟ್ಟಿನ ಕಾಸು ಅಲ್ಲೇ ಕರಗುತ್ತಿತ್ತು.

1787ರಲ್ಲಿ ವೇಲ್ಸ್‌ನ ಆಂಗಲ್‌ಸಿ ದ್ವೀಪದ ಪ್ಯಾರಿಸ್ ಮೈನ್ ಕಂಪನಿ ತನ್ನ ಗಣಿಯ ತಾಮ್ರದಿಂದಲೇ ಟೋಕನ್ ಹೊಡೆಸಿತು. ಒಂದು ಮುಖದಲ್ಲಿ ಗಡ್ಡದ ಪುರೋಹಿತ, ತೂಕ ಸುಮಾರು 28 ಗ್ರಾಂ. ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ ಅನ್ನೋ ಮಾತನ್ನ ಅದರ ಮೇಲೇ ಕೆತ್ತಿಸಿದರು. ಎಲ್ಲಿ ಕೊಡ್ತೀವಿ ಅನ್ನೋದನ್ನ ಅಂಚಿನಲ್ಲಿ: ಲಂಡನ್, ಲಿವರ್‌ಪೂಲ್, ಆಂಗಲ್‌ಸಿ. ನಿಮ್ಮ ಜೇಬಿನ ನೂರರ ನೋಟು ನೋಡಿ. ಆರ್‌ಬಿಐ ಗವರ್ನರ್ ಸಹಿ ಹಾಕಿರೋದೂ ಇಂಥದ್ದೇ ಮಾತಿಗೆ.

ಆಮೇಲೆ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ ತನ್ನ ಮುಖವನ್ನೇ ಟೋಕನ್ ಮೇಲೆ ಹಾಕಿಸಿಕೊಂಡ. ಊರೂರಿನ ವ್ಯಾಪಾರಿಗಳೂ ಶುರು ಮಾಡಿದರು. ಆದರೆ ತೂಕ ಕಡಿಮೆಯಾದವು ಬಂದವು, ಕೊಟ್ಟವರ ಹೆಸರೇ ಇಲ್ಲದವೂ ಬಂದವು. ಅಂಥದ್ದನ್ನ ವಾಪಸ್ ತಗೊಳ್ಳೋರು ಯಾರು?

ಇಂಜಿನಿಯರಿಂಗ್ ಓದುವಾಗ ಜೇಮ್ಸ್ ವ್ಯಾಟ್ ಹೆಸರು ನನಗೆ ಬಾಯಿಪಾಠ. ಆತನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಅದೇ ಉಗಿಯಂತ್ರದಿಂದ ನಾಣ್ಯ ಒತ್ತಿಸಿದ್ದು ಮಾತ್ರ ಆಗ ಗೊತ್ತಿರಲಿಲ್ಲ. ಎಲ್ಲವೂ ಒಂದೇ ಅಳತೆ, ಒಂದೇ ದುಂಡು. ನಕಲು ಮಾಡೋದು ಕಷ್ಟ. ಕೊನೆಗೆ 1797ರಲ್ಲಿ ಸರ್ಕಾರವೇ ತಾಮ್ರದ ಪೆನ್ನಿ ಮಾಡೋ ಕೆಲಸವನ್ನ ಅವನಿಗೆ ಒಪ್ಪಿಸಿತು. ಮುಂದೆ ಮತ್ತೆ ಚಿಲ್ಲರೆ ಬರ ಬಂತು, ಟೋಕನ್‌ಗಳೂ ಬಂದವು. 1817ರ ಕಾನೂನು ಖಾಸಗಿ ಟೋಕನ್ ನಿಷೇಧಿಸಿತು.

ಚಿನ್ನದ ನಾಣ್ಯ ಇದ್ದವರಿಗೆ ಈ ಬರ ತಟ್ಟಲಿಲ್ಲ. ಸರ್ಕಾರ ಇದನ್ನ ಚಿಲ್ಲರೆ ವಿಷಯ ಅಂದುಕೊಂಡಿತು, ಬೆಲೆ ತೆತ್ತವನು ಕೂಲಿಯವನು. ಇವತ್ತು ಕೂಪನ್, ಪಾಯಿಂಟ್ಸ್ ಅಂತ ಯಾರೇ ಕೊಡಲಿ, ಒಂದೇ ಪ್ರಶ್ನೆ ಕೇಳಿ: ನಾಳೆ ತಂದರೆ ದುಡ್ಡು ಕೊಡ್ತೀರಾ?